ಆಟದ ಹೊಲದಲ್ಲಿ ಬರಗಾಲವಿಲ್ಲ

ಮಾನ್ಯರೇ,

ಎರಿಕ್ ಬರೋನ್ ಒಬ್ಬರೇ ರೂಪಿಸಿ 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ವಿಡಿಯೊ ಗೇಮನ್ನು ಮಗಳ ಜೊತೆ ಕುಳಿತು ನಾನೂ ಆಡಿದ್ದೇನೆ. ಬಿತ್ತಿ, ನೀರುಣಿಸಿ, ಮರ ಕಡಿದು ಬೇಲಿ, ಪೆಟ್ಟಿಗೆಗಳನ್ನು ಕೈಯಾರೆ ಮಾಡಿಕೊಳ್ಳುವ ಆ ನಿಧಾನಗತಿ ದಣಿದ ಮನಸ್ಸಿಗೆ ನಿಜಕ್ಕೂ ನೆಮ್ಮದಿ ಕೊಡುತ್ತದೆ. ಆದರೆ ಅಲ್ಲಿ 14 ದಿನಕ್ಕೆ ಕೈಗೆ ಬರುವ ಮೆಕ್ಕೆಜೋಳಕ್ಕಾಗಿ ನಮ್ಮ ಜಗಳೂರು ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ಸುಮಾರು ನಾಲ್ಕು ತಿಂಗಳು ಕಾಯಬೇಕು. ನೀರಿಲ್ಲದಿದ್ದರೆ ಅಲ್ಲಿನ ಪೈರು ಬೆಳೆಯದೆ ನಿಲ್ಲುತ್ತದೆಯೇ ಹೊರತು ಒಣಗುವುದಿಲ್ಲ, ಫಸಲು ಎಷ್ಟೇ ಬಂದರೂ ದರ ಕುಸಿಯುವುದಿಲ್ಲ, ಸೈನಿಕ ಹುಳುವಿನ ಕಾಟವೂ ಇಲ್ಲ. ಮಾರುಕಟ್ಟೆಯಲ್ಲಿ ದರ ಕೇಳಿ ಮಾತಿಲ್ಲದೆ ನಿಂತ ರೈತರನ್ನು ಕಂಡಿರುವ ನನಗೆ ಈ ಕೊರತೆ ನೋವು ತರುತ್ತದೆ. ಮಳೆ ಕೈಕೊಟ್ಟ ವರ್ಷವನ್ನೂ ಒಳಗೊಂಡ ಇಂತಹದೊಂದು ಆಟವನ್ನು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕನ್ನಡದಲ್ಲೇ ರೂಪಿಸಲಿ ಎಂದು ಕೋರುತ್ತೇನೆ.

– ಓದುಗ, ಜಗಳೂರು, ದಾವಣಗೆರೆ ಜಿಲ್ಲೆ