ಅಪ್ಪಾಜಿಯ ಕಾಲಿನ ಗಂಟು

ಡಬ್ಲಿನ್, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ ಮಗಳ ಶರಣು.

ತಮ್ಮ ಕಳಿಸಿದ ಫೋಟೊ ನೋಡಿದಾಗಿನಿಂದ ನಿದ್ದೆ ಇಲ್ಲ. ನಾಟಿ ಹೊತ್ತಿನಲ್ಲಿ ಗದ್ದೆಗೆ ಇಳಿದಾಗ ಜಾಲಿಮುಳ್ಳು ಚುಚ್ಚಿ ಆರು ವಾರ ಆಯ್ತಂತೆ. ಮೊದಲು ಕಣಕಾಲಿನ ಹತ್ತಿರ ಒಂದೇ ಗಂಟಿತ್ತು, ಈಗ ಮೊಣಕಾಲಿನ ಕಡೆಗೆ ಸಾಲಾಗಿ ಮೂರು. ಅರಿಶಿನ ಹಚ್ಚಿದ್ದಾಯ್ತು, ಮೆಡಿಕಲ್ ಶಾಪಿನ ಐದು ದಿನದ ಮಾತ್ರೆಯೂ ಮುಗೀತು. "ನೋವಿಲ್ಲ, ಜ್ವರ ಇಲ್ಲ, ತಾನೇ ಹೋಗುತ್ತೆ ಬಿಡು" ಅಂತೀರಿ. ನನಗೆ ಹೆದರಿಕೆ ಇರೋದೇ ಅಲ್ಲಿ. ಅವ್ವ ಕೊಟ್ಟ ಕಿಡ್ನಿಯನ್ನು ಮೈ ಒಲ್ಲೆ ಅನ್ನದಿರಲಿ ಅಂತ ನುಂಗುವ ಟ್ಯಾಕ್ರೋಲಿಮಸ್, ಸ್ಟೀರಾಯ್ಡ್ ಮಾತ್ರೆಗಳು ಜ್ವರ, ಬಾವು ಎಬ್ಬಿಸೋ ಕಾವಲಿನವರನ್ನೇ ಮಲಗಿಸಿರುತ್ತವೆ.

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು, ಕೀಲುವಾತಕ್ಕೆ ಇದೇ ಥರ ಕಾವಲು ಮಲಗಿಸೋ ಇಂಜೆಕ್ಷನ್ ತಗೊಳ್ಳೋರು. ಬೆರಳಿಂದ ಮೊಣಕೈವರೆಗೆ ಹೀಗೇ ಗಂಟು. ಮಾತ್ರೆ ಮೇಲೆ ಮಾತ್ರೆ ಬದಲಾಯಿಸಿದರೂ ಜಗ್ಗಲಿಲ್ಲ. ಮನೇಲಿ ಮೀನಿನ ತೊಟ್ಟಿ ಇದೆಯಾ ಅಂತ ಯಾರೋ ಕೇಳಿದ ಮೇಲೇ ಗುಟ್ಟು ಬಿಟ್ಟುಕೊಟ್ಟಿದ್ದು: ಮೈಕೋಬ್ಯಾಕ್ಟೀರಿಯಂ ಮರೈನಮ್, ನೀರಿನಲ್ಲಿರೋ, ಟಿಬಿ ರೋಗಾಣುವಿನ ದಾಯಾದಿ. ಅದಕ್ಕೆ 30 ಡಿಗ್ರಿ ಆಸುಪಾಸಿನ ತಂಪು ಬೇಕು. ಅದಕ್ಕೇ ಕೈಕಾಲಿನ ಚರ್ಮ ಹಿಡಿಯುತ್ತೆ. ಲ್ಯಾಬಿನವರು ಮಾಮೂಲಿಯಂತೆ 37 ಡಿಗ್ರಿಯಲ್ಲಿ ಎರಡು ದಿನ ಇಟ್ಟು ನೋಡಿದರೆ ಕಾಣೋದೇ ಇಲ್ಲ.

ನಿಮಗೂ ಅದೇ ಅಂತಲ್ಲ. ಗದ್ದೆ ಮಣ್ಣಿನಲ್ಲಿ ನೊಕಾರ್ಡಿಯಾ ಅಂತ ಇನ್ನೊಂದಿದೆ, ಚರ್ಮದಿಂದ ಶುರುವಾಗಿ ಶ್ವಾಸಕೋಶ, ಮಿದುಳಿಗೂ ಹೋಗಬಲ್ಲದು. ಬೂಷ್ಟಿನ ಜಾತಿಯದೂ ಹೀಗೇ ಸಾಲುಗಟ್ಟಬಹುದು. ಫೋಟೊ ನೋಡಿ ಹೇಳೋಕಾಗಲ್ಲ.

ನಾಳೆಯೇ ತಮ್ಮನ ಜೊತೆ ದಾವಣಗೆರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ. ಕುರ್ಚಿ ಮೇಲೆ ಕೂರುವ ಮೊದಲೇ ಕಿಡ್ನಿ ಕಸಿ ಆಗಿದೆ ಅನ್ನಿ, ಆಮೇಲೆ ಮುಳ್ಳು, ಕೆಸರು, ಚಾನಲ್ ನೀರು ಎಲ್ಲಾ ಹೇಳಿ. (ಮಳೆ, ಭತ್ತದ ರೇಟು ಆಮೇಲೆ ಮಾತಾಡಬಹುದು.) ಗಂಟಿನ ಚೂರು ತೆಗೆದು ಬಯಾಪ್ಸಿಗೂ, ರೋಗಾಣು ಬೆಳೆಸಿ ನೋಡೋ ಕಲ್ಚರಿಗೂ ಕಳಿಸಲಿ. ತಂಪಿನಲ್ಲೂ ಇಟ್ಟು ಕೆಲವು ವಾರ ಕಾಯಿರಿ ಅಂತ ಲ್ಯಾಬಿಗೆ ಚೀಟಿಯಲ್ಲಿ ಬರೆಯಲಿ.

ಇನ್ನೊಂದು ಮಾತು. ಯಾವ ಹೊಸ ಮಾತ್ರೆ ಬರೆದರೂ ನುಂಗುವ ಮೊದಲು ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ಇಂಥ ಗಂಟಿಗೆ ಬರೆಯಬಹುದಾದ ಮಾತ್ರೆಗಳಲ್ಲಿ ರಿಫಾಂಪಿಸಿನ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಇಳಿಸುತ್ತೆ, ಕ್ಲಾರಿಥ್ರೋಮೈಸಿನ್ ಏರಿಸುತ್ತೆ. ಇಳಿದರೂ ಏರಿದರೂ ಕಿಡ್ನಿಗೆ ಕುತ್ತು. ಹಾಗಂತ ಹೆದರಿ ದಿನದ ಮಾತ್ರೆ ನೀವೇ ನಿಲ್ಲಿಸಬೇಡಿ.

ಗಂಬೂಟು ತರಿಸೋಕೆ ತಮ್ಮನಿಗೆ ದುಡ್ಡು ಹಾಕಿದೀನಿ. ಬುಧವಾರ ಫೋನ್ ಮಾಡ್ತೀನಿ, ಅವ್ವನ ಕೈಗೇ ಕೊಡಿ. ನೀವಾದರೆ ಎಲ್ಲಾ ಆರಾಮ ಅಂದುಬಿಡ್ತೀರಿ.

ಇಂತಿ ನಿಮ್ಮ ಮಗಳು