ಯಾವುದರಿಂದ ಭಾಗಿಸಿದರು, ಕೇಳು

ಶಿರಸಿ, ಭಾನುವಾರ

ಪ್ರೀತಿಯ ಕೂಸಿಗೆ ಆಯಿಯ ಆಶೀರ್ವಾದ.

ಆಫೀಸಿನವರು ನಿನ್ನ ಪ್ರೊಡಕ್ಟಿವಿಟಿ ಕಡಿಮೆ ಎಂದು ಬರೆದಿದ್ದಾರೆ ಅಂತ ನೀನು ನಿನ್ನೆ ಅತ್ತಾಗ, "ದಿನಾ ಎರಡು ತಾಸು ಹೆಚ್ಚು ಕೂರು" ಅಂದುಬಿಟ್ಟೆ. ತಪ್ಪಾಯಿತು. ಆ ಮಾತು ಲೆಕ್ಕಕ್ಕೂ ತಪ್ಪು. ಒಟ್ಟು ಎಷ್ಟಾಯಿತು ಅನ್ನುವುದು ಉತ್ಪಾದನೆ. ಅದನ್ನು ಹಾಕಿದ ತಾಸಿನಿಂದಲೋ ಆಳಿನಿಂದಲೋ ಎಕರೆಯಿಂದಲೋ ಭಾಗಿಸಿದರೆ ಬರುವುದು ಉತ್ಪಾದಕತೆ. 8 ತಾಸಿಗೆ 40 ಕ್ಲೇಮ್ ಫೈಲು ಮುಗಿದರೆ ತಾಸಿಗೆ 5. ಹತ್ತು ತಾಸು ಕೂತು 45 ಮುಗಿಸಿದರೆ ತಾಸಿಗೆ 4.5. ಫೈಲು ಹೆಚ್ಚಿತು, ಉತ್ಪಾದಕತೆ ಇಳಿಯಿತು, ನಿನ್ನ ನಿದ್ದೆಯೂ ಹೋಯಿತು.

ಯಾವುದರಿಂದ ಭಾಗಿಸಿದರು ಅಂತ ಕೇಳು. ಅಡಿಕೆಯ ಇಳುವರಿಯನ್ನು ತೋಟದ ಎಕರೆಗೆ ಹೇಳುತ್ತಾರೆ. ಆ ಒಂದು ಎಕರೆಗೆ ಗೊಬ್ಬರಕ್ಕೆ ಸೊಪ್ಪು, ದರಕು ಅಂದರೆ ಒಣ ಎಲೆ ಕೊಡುವ ಬೆಟ್ಟ ನಮ್ಮ ಜಿಲ್ಲೆಯಲ್ಲಿ ಒಂಬತ್ತು ಎಕರೆಯವರೆಗೂ ಇರುತ್ತದೆ. ಅದು ಲೆಕ್ಕದಲ್ಲಿಲ್ಲ.

ಎಣಿಕೆಯ ಹಿಂದೆ ಬಿದ್ದರೆ ನಿನ್ನ ಕೆಲಸವೂ ಕೊಳೆ ಔಷಧಿಯ ಹಾಗಾದೀತು ಅಂತ ನನಗೆ ಹೆದರಿಕೆ. ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ಅದಕ್ಕೆ ಹೊಡೆಯುವ ಔಷಧಿ ಕಲಸುವುದು ಹೀಗೆ: 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಪ್ಲಾಸ್ಟಿಕ್ ಡ್ರಮ್ಮೇ ಬೇಕು, ತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕದಡಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಆಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡಬೇಕು. ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಇಟ್ಟರೆ ಕೆಳಗೆ ಕೂರುತ್ತದೆ, ಕಾಯಿಗೆ ಅಂಟುವುದಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಮರದ ಲೆಕ್ಕದಲ್ಲಿ ಕೂಲಿಯಾದರೆ ಆ ಕತ್ತಿಯ ಪರೀಕ್ಷೆಯನ್ನೂ ಗೊನೆಯ ಹಿಂಬದಿಯನ್ನೂ ಬಿಟ್ಟು ದಿನಕ್ಕೆ ಇನ್ನಷ್ಟು ಮರ ಮುಗಿಯುತ್ತದೆ. ಆ ದಿನದ ಪುಸ್ತಕದಲ್ಲಿ ಉತ್ಪಾದಕತೆ ಏರಿದೆ. ಆಷಾಢದಲ್ಲಿ ಉದುರಿದ ಕಾಯಿಯನ್ನು ಆ ಪುಸ್ತಕಕ್ಕೆ ಯಾರೂ ಬರೆಯುವುದಿಲ್ಲ.

ನೀನು ಕತ್ತಿ ಅದ್ದಿ ನೋಡುವವಳು, ಕೂಸೇ. ಬೇರೆಯವರ ಫೈಲಿನ ತಪ್ಪನ್ನೂ ಹಿಡಿದು ತಿದ್ದುತ್ತೀಯ. ನನಗದು ಹೆಮ್ಮೆ. ಎಣಿಕೆ ಹೆಚ್ಚಿಸಲು ಹೋಗಿ ಅದನ್ನೇ ಬಿಟ್ಟರೆ? ಬಿಡಬೇಡ.

ಮತ್ತೆ ಪಾಠವಾಯಿತು, ಗೊತ್ತು. ಆದರೂ ಇದೊಂದು ಮಾಡು. ನಾಳೆಯಿಂದ 15 ದಿನ ಬರೆದಿಡು: ಮುಗಿದ ಫೈಲು ಎಷ್ಟು, ಅದರಲ್ಲಿ ತಿದ್ದಲು ಮರಳಿ ಬಂದದ್ದು ಎಷ್ಟು, ಮೀಟಿಂಗಿಗೆ ಹೋದ ತಾಸೆಷ್ಟು, ಬೇರೆಯವರದ್ದಕ್ಕೆ ಕೊಟ್ಟ ತಾಸೆಷ್ಟು. ಸುಲಭದ್ದು, ಕಷ್ಟದ್ದು ಬೇರೆ ಬೇರೆ ಬರೆ. ಆಮೇಲೆ ಆ ಹಾಳೆ ಹಿಡಿದು ಸಾಹೇಬರ ಹತ್ತಿರ ಹೋಗು.

ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ನೀನೇ ಫೋನ್ ಮಾಡಿ ಹೇಳು, ಬೈಯುವುದಿಲ್ಲ.

ನಿನ್ನ,
ಆಯಿ