ಊದಿದ ಕೈಯನ್ನು ತಿಕ್ಕುವುದಲ್ಲ, ಬಸಿಯುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಡುವ ಹೆಂಗಸರಿಗೆ ಗಾಯದ ಆರೈಕೆ, ಮಾತ್ರೆಯ ವೇಳೆ, ಮುಂದಿನ ಭೇಟಿಯ ದಿನಾಂಕ ಎಲ್ಲವನ್ನೂ ಹೇಳಿ ಕಳುಹಿಸುತ್ತಾರೆ. ಕಂಕುಳಿನ ಗ್ರಂಥಿಗಳನ್ನು ತೆಗೆದ ಬದಿಯ ಕೈ ಮುಂದೊಂದು ದಿನ ಊದಿಕೊಳ್ಳಬಹುದು, ಊದಿದರೆ ಅದನ್ನು ತಮ್ಮ ಇನ್ನೊಂದು ಕೈಯಿಂದಲೇ ದಿನವೂ ಇಳಿಸಿಕೊಳ್ಳುವ ಕ್ರಮವೊಂದಿದೆ ಎಂಬುದನ್ನು ಕೂರಿಸಿಕೊಂಡು ಕಲಿಸುವವರು ಮಾತ್ರ ವಿರಳ. ಈ ಕೊರತೆಯನ್ನು ತಮ್ಮ ಪತ್ರಿಕೆಯ ಓದುಗರ ಮತ್ತು ಆರೋಗ್ಯ ಇಲಾಖೆಯ ಗಮನಕ್ಕೆ ತರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಬಲ ಸ್ತನವನ್ನೂ ಬಲ ಕಂಕುಳಿನ ಗ್ರಂಥಿಗಳನ್ನೂ ತೆಗೆದು ಐದು ವರ್ಷವಾಗುತ್ತ ಬಂತು. ಕಿಮೊ, ರೇಡಿಯೇಷನ್ ಎರಡೂ ಮುಗಿದು ಹನ್ನೊಂದು ತಿಂಗಳಾಗಿತ್ತು. ಗೌರಿ ಹಬ್ಬದ ಹಿಂದಿನ ದಿನ ಮನೆಗೆ ಬಂದ ಬಳೆಗಾರರು ಎಡಗೈಗೆ ಹಸಿರು ಗಾಜಿನ ಬಳೆಗಳನ್ನು ಸಲೀಸಾಗಿ ತೊಡಿಸಿದರು. ಅದೇ ಅಳತೆಯ ಬಳೆ ಬಲಗೈಯ ಹೆಬ್ಬೆರಳಿನ ಗೆಣ್ಣು ದಾಟಲಿಲ್ಲ. ಅವರು ನನ್ನ ಎರಡೂ ಅಂಗೈಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ನೋಡಿ, ‘ಈ ಕೈಗೆ ನೀರು ಬಂದಿದೆ ಅಮ್ಮಾ, ಡಾಕ್ಟರಿಗೆ ತೋರಿಸಿ’ ಎಂದರು. ನನ್ನ ಲಿಂಫೆಡಿಮಾವನ್ನು, ಅಂದರೆ ಲಿಂಫ್ ದ್ರವ ಮುಂದೆ ಹರಿಯದೆ ನಿಂತು ಬರುವ ಈ ಬಾವನ್ನು, ಮೊದಲು ಗುರುತಿಸಿದವರು ಮೂವತ್ತು ವರ್ಷಗಳಿಂದ ನಮ್ಮೂರಿನ ಹೆಂಗಸರ ಕೈ ಹಿಡಿದು ಬಲ್ಲ ಆ ಬಳೆಗಾರರು.

ನಮ್ಮ ಮನೆಗಳಲ್ಲಿ ಕೈಕಾಲು ಊದಿದರೆ ಮೊದಲು ನೆನಪಾಗುವುದು ಎಣ್ಣೆ. ದೊಡ್ಡಮ್ಮ ಪ್ರೀತಿಯಿಂದಲೇ ಎಳ್ಳೆಣ್ಣೆ ಬಿಸಿ ಮಾಡಿ, ಬೆರಳ ತುದಿಯಿಂದ ಭುಜದವರೆಗೆ ಬಲವಾಗಿ ಒತ್ತಿ ಹತ್ತು ದಿನ ತಿಕ್ಕಿದರು. ಚರ್ಮ ಕೆಂಪಾಯಿತು, ಮುಂದೋಳು ಮೊದಲಿಗಿಂತ ಬಿಗಿಯಾಯಿತು. ಮನೆಗೆ ಬರುವಾಗ ಆಸ್ಪತ್ರೆಯಿಂದ ಕೊಟ್ಟಿದ್ದ ಹಾಳೆಯನ್ನು ಆಮೇಲೆ ಹುಡುಕಿ ತೆಗೆದೆ. ಅದರಲ್ಲಿ ಕೈಯ ಬಗ್ಗೆ ಇಂಗ್ಲಿಷಿನಲ್ಲಿ ಒಂದೇ ಸಾಲಿತ್ತು. ಆ ಸಾಲನ್ನು ಓದಬಲ್ಲ ನನಗೇ ಅದರಿಂದ ಏನೂ ತಿಳಿಯದಿದ್ದ ಮೇಲೆ, ನನ್ನ ಪಕ್ಕದ ಹಾಸಿಗೆಯಲ್ಲಿದ್ದ, ಅಕ್ಷರ ಕಲಿಯದ ಆ ತಾಯಿಗೆ ಅದರಿಂದ ಏನು ಸಿಕ್ಕೀತು?

ಎಣ್ಣೆಯ ತಿಕ್ಕಾಟ ಏಕೆ ಕೆಲಸ ಮಾಡದು ಎಂಬುದನ್ನು ಓದುಗರು ತಿಳಿಯಬೇಕು. ರಕ್ತನಾಳಗಳಿಂದ ಜಿನುಗಿದ ದ್ರವವನ್ನು ದುಗ್ಧನಾಳಗಳು, ಅಂದರೆ ಲಿಂಫ್ ನಾಳಗಳು ಹೀರಿಕೊಂಡು, ಗ್ರಂಥಿಗಳ ಮೂಲಕ ಸೋಸಿ, ಕತ್ತಿನ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಇದಕ್ಕೆ ಹೃದಯದಂತಹ ಪ್ರತ್ಯೇಕ ಪಂಪು ಇಲ್ಲ. ನಾಳಗಳ ಗೋಡೆಯ ಸಣ್ಣ ಹಿಗ್ಗು ಕುಗ್ಗು, ಉಸಿರಾಟ, ಸ್ನಾಯುಗಳ ಚಲನೆ ಇವುಗಳಿಂದಲೇ ದ್ರವ ಮುಂದೆ ಸಾಗಬೇಕು. ದ್ರವವನ್ನು ಮೊದಲು ಹೀರುವ, ಕೂದಲಿಗಿಂತ ತೆಳ್ಳಗಿನ ನಾಳಗಳ ದೊಡ್ಡದೊಂದು ಜಾಲ ಚರ್ಮದಲ್ಲೇ ಹರಡಿಕೊಂಡಿದೆ. ಚರ್ಮವನ್ನು ಹಗುರವಾಗಿ ಎಳೆದಾಗ ಅವುಗಳ ಬಾಯಿ ತೆರೆದುಕೊಳ್ಳುತ್ತದೆ, ಬಲವಾಗಿ ಒತ್ತಿದರೆ ಅವೇ ಚಪ್ಪಟೆಯಾಗುತ್ತವೆ. ಕಂಕುಳಿನ ಗ್ರಂಥಿಗಳು ಇಲ್ಲವಾದಾಗ ಅಥವಾ ರೇಡಿಯೇಷನ್ನಿನಿಂದ ಗಡುಸಾದಾಗ ಕೈಯಿಂದ ಬಂದ ದ್ರವಕ್ಕೆ ಮಾಮೂಲಿನ ಹಾದಿ ಮುಚ್ಚಿಹೋಗಿರುತ್ತದೆ. ಮುಚ್ಚಿದ ಬಾಗಿಲಿಗೆ ಎಷ್ಟು ನೂಕಿದರೂ ಫಲವಿಲ್ಲ, ದ್ರವವನ್ನು ಬೇರೆ ದಾರಿಗೆ ತಿರುಗಿಸಬೇಕು.

ಈ ತಿರುಗಿಸುವ ವಿದ್ಯೆಯೇ ‘ಮ್ಯಾನ್ಯುಯಲ್ ಲಿಂಫ್ಯಾಟಿಕ್ ಡ್ರೈನೇಜ್’. 1930ರ ದಶಕದಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿದ್ದ ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ ಇದನ್ನು ರೂಪಿಸಿ 1936ರಲ್ಲಿ ಪ್ಯಾರಿಸಿನಲ್ಲಿ ಪ್ರಸ್ತುತಪಡಿಸಿದರು. ಮುಂದೆ ಜರ್ಮನಿಯ ವೈದ್ಯ ಫೋಲ್ಡಿ ಅವರು ಇದರ ಜೊತೆಗೆ ಬಿಗಿಪಟ್ಟಿ, ವ್ಯಾಯಾಮ, ಚರ್ಮದ ಆರೈಕೆಗಳನ್ನು ಸೇರಿಸಿ ಪೂರ್ಣ ಚಿಕಿತ್ಸೆಯಾಗಿ ಬೆಳೆಸಿದರು. ತರಬೇತಾದ ಫಿಸಿಯೋಥೆರಪಿಸ್ಟರು ಮಾಡುವ ಪೂರ್ಣ ಕ್ರಮ ಬೇರೆ, ರೋಗಿಯೇ ಮನೆಯಲ್ಲಿ ಮಾಡಿಕೊಳ್ಳುವ ಸರಳ ಕ್ರಮ ಬೇರೆ. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳಾದ್ದರಿಂದ ಪದದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಇದಕ್ಕೆ ‘ಮಸಾಜ್’ ಎಂದು ಕರೆದ ಕೂಡಲೇ ನಮ್ಮ ಜನರ ಕೈಗೆ ಎಣ್ಣೆಯೂ ಬಲವೂ ತಾವಾಗಿ ಬಂದುಬಿಡುತ್ತವೆ. ತಿಕ್ಕುವುದು, ಒತ್ತುವುದು, ಹಿಸುಕುವುದು ಯಾವುದೂ ಇದಲ್ಲ. ‘ನೇವರಿಸುವುದು’ ಹತ್ತಿರದ ಮಾತಾದರೂ ನೇವರಿಸುವಾಗ ಕೈ ಚರ್ಮದ ಮೇಲೆ ಜಾರುತ್ತದೆ, ಇಲ್ಲಿ ಜಾರಬಾರದು. ಗಂಜಿ ಬಸಿಯುವ, ತೋಟದಲ್ಲಿ ಬಸಿಗಾಲುವೆ ತೋಡುವ ನಮಗೆ ‘ಬಸಿಯುವುದು’ ಎಂದರೆ ಕೂಡಲೇ ಅರ್ಥವಾಗುತ್ತದೆ. ನಿಂತ ನೀರಿಗೆ ಹೋಗಲು ಜಾಗ ಮಾಡಿಕೊಟ್ಟು, ಅದನ್ನು ನಿಧಾನವಾಗಿ ಅತ್ತ ಹರಿಯಬಿಡುವ ಕೆಲಸವಿದು.

ನನಗೆ ಇದನ್ನು ಕಲಿಸಿದ ಫಿಸಿಯೋಥೆರಪಿಸ್ಟ್ ಮೊದಲ ದಿನ ನನ್ನ ತೋಳಿನ ಮೇಲೆ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ‘ಬೆರಳು ಈ ಚುಕ್ಕೆಯನ್ನು ಬಿಟ್ಟು ಕದಲಬಾರದು, ಚುಕ್ಕೆಯೇ ಬೆರಳಿನ ಜೊತೆ ಅರ್ಧ ಸುತ್ತು ಬರಬೇಕು, ಆಮೇಲೆ ಹಿಡಿತ ಬಿಟ್ಟರೆ ಚರ್ಮ ತಾನಾಗಿ ಹಿಂದಕ್ಕೆ ಬರಬೇಕು’ ಎಂದರು. ಕೇಳಲು ಸುಲಭವಾದ ಇದನ್ನು ಮಾಡಲು ಹೋದರೆ ಬೆರಳು ಜಾರಿತು, ಇಲ್ಲವೇ ಒತ್ತಡ ಹೆಚ್ಚಾಯಿತು. ಅವರು ತಮ್ಮ ಮುಂದೋಳನ್ನೇ ನನ್ನ ಮುಂದೆ ಚಾಚಿ, ನಾನು ಒತ್ತಿದಾಗಲೆಲ್ಲ ‘ಇನ್ನೂ ಹಗುರ, ಇನ್ನೂ ಹಗುರ’ ಎಂದು ತಿದ್ದುತ್ತಿದ್ದರು. ಮಲಗಿದ ಕೂಸಿನ ಕೆನ್ನೆಯನ್ನು ಅದು ಎಚ್ಚರಾಗದಂತೆ ಮುಟ್ಟುವಷ್ಟೇ ಭಾರ ಸಾಕು ಎಂದು ನನ್ನ ಕೈಗೆ ತಿಳಿಯಲು ಮೂರು ಭೇಟಿಗಳು ಬೇಕಾದವು. ಮೊಬೈಲಿನ ವಿಡಿಯೋ ನೋಡಿ ಕಲಿತರಾಗದೇ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ನಮ್ಮ ಕೈ ಎಷ್ಟು ಒತ್ತುತ್ತಿದೆ ಎಂಬುದನ್ನು ವಿಡಿಯೋ ಹೇಳಲಾರದು.

ಕ್ರಮವೂ ನಾವು ಅಂದುಕೊಂಡದ್ದಕ್ಕೆ ವಿರುದ್ಧವಾದುದು. ಊದಿದ ಕೈಯನ್ನು ಮೊದಲು ಮುಟ್ಟುವುದೇ ಇಲ್ಲ. ಕಾಲುವೆಯ ಹೂಳು ತೆಗೆಯುವವರು ನೀರು ಹೊರಹೋಗುವ ಕೊನೆಯಿಂದ ಆರಂಭಿಸಿ ಹಿಂದಕ್ಕೆ ಬರುವಂತೆ ಇಲ್ಲಿಯೂ ಹೊರದಾರಿಯನ್ನು ಮೊದಲು ತೆರವು ಮಾಡಬೇಕು. ಹೊಟ್ಟೆ ಉಬ್ಬುವಂತೆ ನಾಲ್ಕೈದು ದೀರ್ಘ ಉಸಿರಾಟ, ಆಮೇಲೆ ಕೊರಳೆಲುಬಿನ ಮೇಲಿನ ಗುಳಿಗಳು, ಆಮೇಲೆ ಆರೋಗ್ಯವಾಗಿರುವ ಎಡ ಕಂಕುಳು ಮತ್ತು ಬಲ ತೊಡೆಸಂದು. ಅದಾದ ಮೇಲೆ ಎದೆಯ ಮೇಲೆ ಬಲದಿಂದ ಎಡ ಕಂಕುಳಿನತ್ತ, ಬಲ ಪಕ್ಕೆಯ ಮೇಲೆ ಕಂಕುಳಿನ ಕೆಳಗಿನಿಂದ ಸೊಂಟದತ್ತ ಚರ್ಮವನ್ನು ಹಂತಹಂತವಾಗಿ ಸರಿಸಬೇಕು. ಇಷ್ಟಾದ ಮೇಲಷ್ಟೇ ಭುಜ, ಅದರ ನಂತರ ಮೇಲ್ದೋಳು, ಮೊಣಕೈ, ಮುಂದೋಳು, ಕೊನೆಗೆ ಅಂಗೈ ಬೆರಳು. ಜಾಗ ಕೆಳಕೆಳಗೆ ಇಳಿಯುತ್ತಾ ಹೋದರೂ ಪ್ರತಿ ಬಾರಿ ಚರ್ಮವನ್ನು ಎಳೆಯುವ ದಿಕ್ಕು ಮಾತ್ರ ಮೇಲಕ್ಕೇ. ಒಂದೊಂದು ಜಾಗದಲ್ಲಿ ಐದಾರು ಸಲ, ನಿಧಾನವಾಗಿ. ಎಣ್ಣೆ, ಪೌಡರು ಏನೂ ಬೇಡ. ನನಗೆ ಒಟ್ಟು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇದು ನನ್ನ ಶಸ್ತ್ರಚಿಕಿತ್ಸೆಗೆ ತಕ್ಕಂತೆ ನನಗೆ ಹೇಳಿಕೊಟ್ಟ ದಾರಿ. ಎರಡೂ ಬದಿಗೆ ಶಸ್ತ್ರಚಿಕಿತ್ಸೆಯಾದವರಿಗೆ, ಕಾಲು ಊದಿದವರಿಗೆ ದಾರಿ ಬೇರೆ. ದಯವಿಟ್ಟು ಯಾರೂ ಈ ಪತ್ರವನ್ನೇ ಓದಿ ಆರಂಭಿಸದೆ ಬಲ್ಲವರಿಂದ ಕಲಿಯಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಆಗ ಬಸಿಯುವುದನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು, ಆಂಟಿಬಯೋಟಿಕ್ ತಡವಾಗಬಾರದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಹೃದಯ ಅಥವಾ ಮೂತ್ರಪಿಂಡದ ವೈಫಲ್ಯ ಉಳ್ಳವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಬಸಿಯುವುದೊಂದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ಹೇಳಿದರೆ ಅದು ಸುಳ್ಳಾದೀತು. ಇಳಿದ ಬಾವನ್ನು ಇಳಿದ ಮಟ್ಟದಲ್ಲೇ ಹಿಡಿದಿಡುವುದು ಹಗಲಿಡೀ ತೊಡುವ ಒತ್ತುತೋಳು, ಅಂದರೆ ಕೈಯನ್ನು ಬಿಗಿಯಾಗಿ ಅಪ್ಪಿ ಹಿಡಿಯುವ ಬಟ್ಟೆಯ ತೋಳು. ಮೊಣಕೈಯಿಂದ ಹತ್ತು ಸೆಂಟಿಮೀಟರ್ ಮೇಲೆ ನನ್ನ ಬಲತೋಳು ಎಡತೋಳಿಗಿಂತ ಮೂರೂವರೆ ಸೆಂಟಿಮೀಟರ್ ದಪ್ಪವಿತ್ತು. ಬಿಗಿಪಟ್ಟಿ, ಒತ್ತುತೋಳು, ಬಸಿಯುವಿಕೆ ಮೂರನ್ನೂ ಬಿಡದೆ ಮಾಡಿದ ಮೇಲೆ ಆ ವ್ಯತ್ಯಾಸ ಒಂದೂವರೆಗೆ ಬಂದು ನಿಂತಿದೆ. ಒತ್ತುತೋಳಿನ ಬಿಗಿ ಸಡಿಲವಾಗುವುದರಿಂದ ಸುಮಾರು ಆರು ತಿಂಗಳಿಗೊಮ್ಮೆ ಹೊಸದನ್ನು ಕೊಳ್ಳಬೇಕು, ಕೂಲಿ ಮಾಡುವ ಮನೆಗೆ ಅದು ಸಣ್ಣ ಖರ್ಚಲ್ಲ. ‘ಆ ಕೈಯಲ್ಲಿ ಇನ್ನು ಒಂದು ಕೊಡ ನೀರೂ ಎತ್ತಬೇಡ’ ಎಂಬ ಹಳೆಯ ಉಪದೇಶವನ್ನೂ ಈಗ ಬಿಡಬೇಕಾಗಿದೆ. ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಭಾರ ಎತ್ತುವುದರಿಂದ ಬಾವು ಹೆಚ್ಚುವುದಿಲ್ಲ ಎಂದು ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಇದು ಎಲ್ಲೋ ಒಬ್ಬಿಬ್ಬರ ತೊಂದರೆಯಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಕಂಕುಳಿನ ಗ್ರಂಥಿಗಳನ್ನು ಪೂರ್ಣವಾಗಿ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಕೈ ಊದುತ್ತದೆ. ಪರೀಕ್ಷೆಗಾಗಿ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದಾಗ ಆ ಸಂಖ್ಯೆ ಸುಮಾರು 6. ನಮ್ಮಲ್ಲಿ ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವವರೇ ಹೆಚ್ಚಾದ್ದರಿಂದ ಪೂರ್ಣವಾಗಿ ತೆಗೆಯುವುದು ಅನೇಕರಿಗೆ ಅನಿವಾರ್ಯವಾಗುತ್ತದೆ. ಆರಂಭದ ಬಾವು ರಾತ್ರಿ ಕೈ ಎತ್ತರಕ್ಕಿಟ್ಟು ಮಲಗಿದರೆ ಬೆಳಿಗ್ಗೆಗೆ ಇಳಿಯುತ್ತದೆ. ಅಲಕ್ಷ್ಯ ಮಾಡಿದರೆ ಒಳಗೆ ನಾರು, ಕೊಬ್ಬು ಬೆಳೆದು ಗಟ್ಟಿಯಾಗಿ, ಬಸಿದು ಇಳಿಸುವ ಕಾಲ ದಾಟಿಹೋಗುತ್ತದೆ.

ಆನೆಕಾಲು ರೋಗವೂ ಇದೇ ದುಗ್ಧನಾಳಗಳ ಕಾಯಿಲೆ ಎಂಬುದನ್ನು ಕರಾವಳಿಯವರಿಗೂ ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೂ ನೆನಪಿಸಬೇಕಿಲ್ಲ. ಮಾತ್ರೆ ನುಂಗಿಸುವ ಅಭಿಯಾನದಿಂದ ಸೋಂಕು ಹರಡುವುದು ತಗ್ಗುತ್ತದೆ, ಆದರೆ ಈಗಾಗಲೇ ಊದಿದ ಕಾಲು ಅದರಿಂದ ಇಳಿಯುವುದಿಲ್ಲ. ಗಡಿಯಾಚೆಗಿದ್ದರೂ ನಮ್ಮವರೇ ಆದ ಕನ್ನಡಿಗರು ಬಾಳುವ ಕಾಸರಗೋಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ, ಕಾಲು ತೊಳೆಯುವ ಶಿಸ್ತು, ಆಯುರ್ವೇದದ ಔಷಧಿ, ಯೋಗ, ಬಸಿಯುವಿಕೆ, ಬಿಗಿಪಟ್ಟಿ ಇವನ್ನು ಜೋಡಿಸಿ, ರೋಗಿಯೇ ಮನೆಯಲ್ಲಿ ಮುಂದುವರಿಸುವಂತಹ ಚಿಕಿತ್ಸೆಯನ್ನು ರೂಪಿಸಿದೆ. ಇಷ್ಟು ಹತ್ತಿರದಲ್ಲಿರುವ ಅನುಭವವನ್ನು ನಮ್ಮ ಜಿಲ್ಲಾಸ್ಪತ್ರೆಗಳು ಬಳಸಿಕೊಳ್ಳಬೇಕು.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇದು. ಕಂಕುಳಿನ ಶಸ್ತ್ರಚಿಕಿತ್ಸೆಗೆ ಮುನ್ನವೇ ಎರಡೂ ಕೈಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು ರೋಗಿಯ ಕಡತದಲ್ಲಿ ಬರೆದಿಡಲಿ, ಮುಂದೆ ಬಾವು ಬಂದಾಗ ಹೋಲಿಸಲು ಆ ಅಳತೆಯೇ ಆಧಾರ. ಮನೆಗೆ ಕಳುಹಿಸುವ ಮುನ್ನ ಎಚ್ಚರದ ಲಕ್ಷಣಗಳನ್ನು ಕನ್ನಡದಲ್ಲಿ ತಿಳಿಸಿ, ಬಾವು ಕಂಡವರಿಗೆ ಮನೆಯವರೊಬ್ಬರ ಜೊತೆ ಕೂರಿಸಿ, ಅವರ ಕೈಯಿಂದಲೇ ಮಾಡಿಸಿ ನೋಡಿ ಈ ಕ್ರಮವನ್ನು ಕಲಿಸಲಿ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ತರಬೇತಾದ ಒಬ್ಬ ಫಿಸಿಯೋಥೆರಪಿಸ್ಟ್ ಮತ್ತು ಒಂದು ಬೆಂಚು ಸಾಕು. ಒತ್ತುತೋಳುಗಳು ಬಡವರಿಗೆ ಉಚಿತವಾಗಿ ಸಿಗಲಿ.

ತಮ್ಮಲ್ಲಿಯೂ ಒಂದು ವಿನಂತಿಯಿದೆ. ಮಾರ್ಚ್ 6ನ್ನು ವಿಶ್ವ ಲಿಂಫೆಡಿಮಾ ದಿನವಾಗಿ ಆಚರಿಸುತ್ತಾರೆ. ಬರುವ ವರ್ಷ ಆ ದಿನದ ಸಂಚಿಕೆಯಲ್ಲಿ ಅರ್ಧ ಪುಟವನ್ನು ಇದಕ್ಕೆ ಮೀಸಲಿಟ್ಟು, ತಜ್ಞರು ನೋಡಿ ಒಪ್ಪಿದ ಚಿತ್ರಗಳ ಸಮೇತ ಕನ್ನಡದಲ್ಲಿ ಪ್ರಕಟಿಸಿದರೆ, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವವರು ನಮ್ಮ ತಾಲ್ಲೂಕಿನಲ್ಲೇ ಆರು ಮಂದಿ ಇದ್ದಾರೆ. ಅವರಲ್ಲಿ ಇಬ್ಬರಿಗೆ ಓದಲು ಬಾರದು, ಚಿತ್ರಗಳು ದೊಡ್ಡದಾಗಿರಲಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ತೀರ್ಥಹಳ್ಳಿ